ಹೊಗೆ ಬಿಡುವ ಕೂಪರ್ ಎಸ್ಸೇ ಯಾಕೆ ಬೇಕಿತ್ತು: ನನ್ನ ಅನುಭವ

1966ರ ಆಸ್ಟಿನ್ ಕೂಪರ್ ಎಸ್ (ಪುಟ್ಟ ಮಿನಿ ಕಾರಿನ ವೇಗದ ಮಾದರಿ) ತರಿಸಲು ಬ್ರಿಟನ್ನಿನಲ್ಲಿ ಹುಡುಕುವಾಗ ನನಗೆ ಬೇಕಿದ್ದದ್ದು ಎಂಜಿನ್ ಸವೆದು ಸತ್ತ ಕಾರು. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ನಕ್ಕವರೇ ಎಲ್ಲ. ‘ಅಷ್ಟು ದುಡ್ಡು ಸುರಿದು ತರಿಸೋದಾದ್ರೆ ಓಡೋ ಗಾಡೀನೇ ತರಿಸಿ ಮಾರಾಯ್ರೆ’ ಎಂಬ ಬುದ್ಧಿಮಾತೂ ಸಿಕ್ಕಿತು. ಅವರು ಬಿಟ್ಟ ಲೆಕ್ಕ ಸುಂಕದ್ದು. ಕಾರಿನ ಬೆಲೆ, ಸಾಗಣೆ, ವಿಮೆ ಮೂರನ್ನೂ ಕೂಡಿಸಿದ ಮೊತ್ತದ ಮೇಲೆ ಸುಂಕ ಬೀಳುತ್ತದೆ. ತೆರಿಗೆಯೆಲ್ಲ ಸೇರಿದರೆ ಅದು ಬೆಲೆಯ ಎರಡು ಪಟ್ಟು ದಾಟುತ್ತದೆ. ಅಲ್ಲಿ ರೆಡಿ ಮಾಡಿಸಿದ ಎಂಜಿನ್ನಿಗೂ ಇಲ್ಲಿ ಸುಂಕ ಕಟ್ಟಬೇಕು. ಇಲ್ಲೇ ಬೋರ್ ಹೊಡೆಸಿದರೆ, ಅಂದರೆ ಸವೆದ ಸಿಲಿಂಡರ್ ಕೊರೆಸಿ ಅಗಲ ಮಾಡಿಸಿದರೆ, ಆ ಕೂಲಿಗೆ ಸುಂಕವಿಲ್ಲ. ಥಳಥಳ ಹೊಳೆಯುವ ಕಾರಿಗೆ 34–35 ಸಾವಿರ ಪೌಂಡ್ ಹೇಳುತ್ತಿದ್ದರು, ನನ್ನದು 23 ಸಾವಿರದ ಆಸುಪಾಸಿನಲ್ಲಿ ಮುಗಿಯಿತು. ಸುಂಕ ಸೇರಿಸಿ ನೋಡಿದರೆ ವ್ಯತ್ಯಾಸ 40 ಲಕ್ಷದ ಹತ್ತಿರ. ಎಂಜಿನ್, ಗೇರ್‌ಬಾಕ್ಸಿಗೆ ಇಲ್ಲಿ ಖರ್ಚಾದದ್ದು ತರಿಸಿದ ಬಿಡಿಭಾಗ ಸೇರಿ ಐದು, ಐದೂವರೆ ಲಕ್ಷ.

ಬಾಡಿಯ ವಿಷಯದಲ್ಲಿ ಮಾತ್ರ ಈ ಜಿಪುಣತನ ನಡೆಯುವುದಿಲ್ಲ. ಬಾಗಿಲ ಕೆಳಗಿನ ಸಿಲ್ ಪಟ್ಟಿ, ಮೆಟ್ಟಿಲು, ಡಿಕ್ಕಿಯ ಬ್ಯಾಟರಿ ಪೆಟ್ಟಿಗೆ, ಹಿಂದಿನ ಚಕ್ರಗಳನ್ನು ಹೊರುವ ಸಬ್‌ಫ್ರೇಮ್ ಇವಿಷ್ಟರಲ್ಲಿ ತುಕ್ಕು ಹೊಕ್ಕಿದ್ದರೆ ಬೆಲೆ ಎಷ್ಟೇ ಇಳಿಸಲಿ, ಬಿಟ್ಟುಬಿಡಿ. ಸಬ್‌ಫ್ರೇಮ್ ಹೊಸದು ಹಾಕಬಹುದು, ಆದರೆ ಅದು ಕೂರುವ ಜಾಗದ ತಗಡೇ ಪುಡಿಯಾಗಿದ್ದರೆ ಮಲೆನಾಡಿನ ಒಂದು ಮಳೆಗಾಲ ಸಾಕು.

ಇನ್ನು ಅಸಲಿಯೋ ನಕಲಿಯೋ ಎಂಬ ಪ್ರಶ್ನೆ. 1964, 65, 67ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದ ಹೆಸರಿಗೆ ಬೆಲೆ ಬಂದಿರುವುದರಿಂದ ಸಾದಾ ಮಿನಿಗೆ ಎಸ್ ಬ್ಯಾಡ್ಜ್ ಹೊಡೆದ ಕಾರುಗಳು ಬೇಕಾದಷ್ಟಿವೆ. ಆಸ್ಟಿನ್ನಿನ ಮೊದಲ ಆವೃತ್ತಿ, ಅಂದರೆ ಮಾರ್ಕ್ ಒಂದಾದರೆ, ಚಾಸಿಸ್ ನಂಬರ್ ಸಿ-ಎ2ಎಸ್7 ಎಂದು ಶುರುವಾಗಬೇಕು, 1275 ಸಿಸಿಯ ಎಂಜಿನ್ ನಂಬರ್ 9ಎಫ್-ಎಸ್‌ಎ-ವೈ ಎಂದು. ಆದರೆ ಪ್ಲೇಟು ಹೊಸದಾಗಿ ಕೊರೆಸಿ ರಿವೆಟ್ ಹೊಡೆಯಲು ಐದು ನಿಮಿಷ ಸಾಕು. ಅದಕ್ಕೇ ಗೇಡನ್‌ನ ಬ್ರಿಟಿಷ್ ಮೋಟಾರ್ ಮ್ಯೂಸಿಯಂನ ಕಾರ್ಖಾನೆಯ ಹಳೇ ದಾಖಲೆ ನೋಡಿ ಕೊಡುವ ಹೆರಿಟೇಜ್ ಪ್ರಮಾಣಪತ್ರ ಕೈಗೆ ಬಾರದೆ ಮುಂಗಡ ಕೊಡಬೇಡಿ. ಎಂಜಿನ್ ಬ್ಲಾಕಿನ ಹಿಂಬದಿಯಲ್ಲಿ ಬಿಚ್ಚುವಂಥ ಟ್ಯಾಪೆಟ್ ಮುಚ್ಚಳ ಇದೆಯೇ ನೋಡಿ. ಅಲ್ಲಿ ಇಡೀ ಎರಕದ ಗೋಡೆಯೇ ಇದ್ದರೆ ಅದು ಆಮೇಲಿನ 1300ರ ಬ್ಲಾಕು. ಮುಂದಿನ ಬ್ರೇಕ್ ಡಿಸ್ಕ್ ಏಳೂವರೆ ಇಂಚು ಇರಬೇಕು. ಸಾದಾ ಕೂಪರಿನದು ಏಳು. ನಾನು ಕೈಬಿಟ್ಟ ಒಂದು ಕಾರಿನಲ್ಲಿ ಉಳಿದದ್ದೆಲ್ಲ ಸರಿಯಿತ್ತು, ಡಿಸ್ಕ್ ಅಳೆದಾಗ ಬಣ್ಣ ಬಯಲಾಯಿತು.

ಸತ್ತ ಎಂಜಿನ್ನಿನಲ್ಲೂ ಎಷ್ಟು ಸತ್ತಿದೆ ಎಂದು ತಿಳಿಯಬೇಕು. ಪ್ಲಗ್ ಬಿಚ್ಚಿ ತೂತಿನಲ್ಲಿ ಬೋರ್‌ಸ್ಕೋಪ್ (ಸಣ್ಣ ಕ್ಯಾಮೆರಾ) ಇಳಿಸಿ ಪಿಸ್ಟನ್ ತಲೆಯ ಮೇಲಿನ ಅಂಕಿ ಓದಿಸಿ. ಮಸಿ ಕೆರೆದರೆ 020 ಅಥವಾ 040 ಎಂಬ ಮುದ್ರೆ ಕಾಣುತ್ತದೆ, ಸಿಲಿಂಡರನ್ನು ಹಿಂದೆ ಇಂಚಿನ ಸಾವಿರದ ಎಷ್ಟು ಪಾಲು ಅಗಲಿಸಿದ್ದಾರೆ ಎಂಬ ಲೆಕ್ಕ ಅದು. 020 ಇದ್ದರೆ ಇನ್ನೊಂದು ಬೋರಿಗೆ ಜಾಗವಿದೆ. 060 ಇದ್ದರೆ ಒಳಗೆ ಹೊಸ ಕೊಳವೆ, ಅಂದರೆ ಸ್ಲೀವ್ ಹಾಕುವ ಯೋಚನೆ ಮಾಡಬೇಕು, ಬೆಲೆ ಇನ್ನೂ ಇಳಿಸಿ. ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಒತ್ತಡ ಎಷ್ಟೆಂದು ಬರಹದಲ್ಲಿ ತೆಗೆದುಕೊಳ್ಳಿ, ಗೇಜಿನ ಫೋಟೊ ಸಮೇತ. ಕಸ್ಟಮ್ಸ್‌ನಲ್ಲಿ ‘ಈ ಕಾರಿಗೆ ಇಷ್ಟು ಕಡಿಮೆ ಬೆಲೆ ಹೇಗೆ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಆಗ ಉತ್ತರ ಹೇಳುವುದು ಈ ಕಾಗದ, ನಿಮ್ಮ ಬಾಯಲ್ಲ.

ಇನ್ನು ಕಾನೂನು. ಇಂಥ ಹಳೇ ಕಾರು ಭಾರತಕ್ಕೆ ತರಿಸಲು ಮೊದಲು 1950ಕ್ಕಿಂತ ಹಿಂದಿನವಕ್ಕಷ್ಟೇ ದಾರಿ ಇತ್ತು. 2025ರಲ್ಲಿ 50 ವರ್ಷ ದಾಟಿದ್ದನ್ನು ಸ್ವಂತ ಬಳಕೆಗೆ ತರಿಸಬಹುದೆಂದಾಯಿತು. ಬ್ರಿಟನ್ನಿನದೇ ಕಾರಾದ್ದರಿಂದ ಬಲಗಡೆ ಸ್ಟೇರಿಂಗ್, ಆ ತಲೆನೋವಿಲ್ಲ. ಕಂಟೇನರಿನಲ್ಲಿ ಚಕ್ರಕ್ಕೆ ಕೊಡುವ ಮರದ ತುಂಡಿಗೂ ಹುಳ ಸಾಯುವಂತೆ ಶಾಖ ಕೊಟ್ಟ ಮುದ್ರೆ ಇರಲಿ, ಇಲ್ಲದಿದ್ದರೆ ಬಂದರಿನಲ್ಲಿ ದಿನದ ಬಾಡಿಗೆ ಏರುತ್ತಾ ಹೋಗುತ್ತದೆ. ಬಿಡಿಭಾಗಗಳನ್ನು ಡಿಕ್ಕಿಯಲ್ಲಿ ತುರುಕದೆ ಇನ್‌ವಾಯ್ಸಿನಲ್ಲಿ ಬೇರೆ ಸಾಲಾಗಿ ತೋರಿಸಿ. ನೋಂದಣಿ ವಿಂಟೇಜ್ ನಿಯಮದಡಿ: ಫಾರ್ಮ್ 20, ಕಸ್ಟಮ್ಸಿನ ಬಿಲ್ ಆಫ್ ಎಂಟ್ರಿ, ವಿಮೆ, ಶುಲ್ಕ 20,000 ರೂಪಾಯಿ, ಹತ್ತು ವರ್ಷದ ಅವಧಿ. ನಂಬರಿನಲ್ಲಿ ಕೆಎ ಆದ ಮೇಲೆ ವಿಎ ಬರುತ್ತದೆ, ನಮ್ಮ ಶಿವಮೊಗ್ಗದ 14 ಅಲ್ಲ. ಚಾಸಿಸ್, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕೆಂಬ ಷರತ್ತಿರುವುದರಿಂದ ಒಳಗೆ ಕೊಳವೆಗಳ ರಕ್ಷಣಾ ಕೇಜ್ ಬೆಸುಗೆ ಹಾಕಿದ, ಬಾಡಿ ಶೆಲ್ ಕೊಯ್ದ ರ‍್ಯಾಲಿ ಕಾರು ಬೇಡವೇ ಬೇಡ. ದೂರ ಅಳೆಯುವ ಹಾಲ್ಡಾ ಮೀಟರು, ದೀಪದ ಪಟ್ಟಿ, ಎಂಜಿನ್ ತಳ ಕಾಯುವ ಸಂಪ್ ಗಾರ್ಡ್ ಎಲ್ಲವೂ ಬೋಲ್ಟಿನಲ್ಲಿ ನಿಲ್ಲುವಂಥದ್ದೇ ಇರಲಿ. ದಿನಾ ಓಡಿಸುವಂತಿಲ್ಲ, ರ‍್ಯಾಲಿ, ಪ್ರದರ್ಶನ, ಪೆಟ್ರೋಲು, ರಿಪೇರಿಗೆ ಮಾತ್ರ.

ಬೋರ್ ಹೊಡೆದದ್ದು, ಎಗ್ಸಾಸ್ಟ್ ವಾಲ್ವಿಗೆ ಗಟ್ಟಿ ಸೀಟು ಕೂರಿಸಿದ್ದು ಭದ್ರಾವತಿಯಲ್ಲಿ. ಒಳ್ಳೆ ಟರ್ನರ್ ಸಿಕ್ಕರೆ ಅದರಲ್ಲಿ ಹೇಳುವಂಥದ್ದೇನಿಲ್ಲ. ಕಾಡಿಸಿದ್ದು ಹೈಡ್ರೋಲಾಸ್ಟಿಕ್ ಎಂಬ ಸಸ್ಪೆನ್ಷನ್. ಈ ಕಾರಿಗೆ ಬೇರೆ ಕಾರುಗಳಂಥ ಸ್ಪ್ರಿಂಗೂ ಇಲ್ಲ, ಶಾಕ್ ಅಬ್ಸಾರ್ಬರೂ ಇಲ್ಲ. ಎಡ ಮುಂದಿನದಕ್ಕೂ ಎಡ ಹಿಂದಿನದಕ್ಕೂ ಒಂದೇ ಪೈಪು, ಬಲಕ್ಕೆ ಇನ್ನೊಂದು, ಒಳಗೆ ಒತ್ತಡದ ದ್ರವ. ನನ್ನದು ಬಂದಾಗ ಒಂದು ಬದಿ ನೆಲ ಮುಟ್ಟುತ್ತಿತ್ತು. ಗ್ರೀಸ್ ಗನ್ನಿನಲ್ಲಿ ತುಂಬಿಸಿ ನೋಡಿದ್ದಾಯಿತು: ಒತ್ತಡ ಏರುತ್ತದೆ, ಆದರೆ ಗಾಳಿಯೂ ಒಳಗೆ ಹೋಗಿ ಕಾರು ಕುಣಿಯುತ್ತದೆ. ಕೊನೆಗೆ ದಾರಿ ತೋರಿಸಿದ್ದು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಎಚ್‌ಟಿಪಿ ಪಂಪು (ಜೋರು ಒತ್ತಡದ ಸಿಂಪಡಣೆ ಪಂಪು). ಬೇಕಾದ ಒತ್ತಡ 263 ಪಿಎಸ್‌ಐ, ಅಂದರೆ ಚದರ ಸೆಂ.ಮೀಗೆ 18 ಕೆಜಿ ಚಿಲ್ಲರೆ. ಈ ಪಂಪು ಅದನ್ನು ಆರಾಮಾಗಿ ದಾಟುತ್ತದೆ, ರೆಗ್ಯುಲೇಟರಿನಲ್ಲಿ ಹಿಡಿದಿಡಬಹುದು. ತೋಟದಲ್ಲಿ ಬಳಸಿದ ಪಂಪು ಮಾತ್ರ ಬೇಡ, ಮೈಲುತುತ್ತದ ಅಂಶ ಉಳಿದಿದ್ದರೆ ಒಳಗಿನ ಕಬ್ಬಿಣ ತಿನ್ನುತ್ತದೆ. ಮೊದಲು ಫ್ರಿಜ್ ರಿಪೇರಿಯವರ ವ್ಯಾಕ್ಯೂಮ್ ಪಂಪಿನಿಂದ ಗಾಳಿ ಪೂರ್ತಿ ಎಳೆದು, ಆಮೇಲೆ ಬಟ್ಟಿ ಇಳಿಸಿದ ನೀರು, ಕೂಲೆಂಟು ಅರ್ಧರ್ಧ ಬೆರೆಸಿ ತುಂಬಿಸಿ. ಗೇಜ್ ನಿಂತ ಮೇಲೂ ಒಂದು ರಾತ್ರಿ ಬಿಟ್ಟು ನೋಡಿ. ಹಿಂದಿನ ಸಬ್‌ಫ್ರೇಮಿನ ವಾಲ್ವಿಗೂ ಪಂಪಿನ ಪೈಪಿಗೂ ನಡುವೆ ಬರುವ ನಿಪ್ಪಲ್ಲಿನ ಅಳತೆ ಇಲ್ಲಿ ಬರೆಯುವುದಿಲ್ಲ, ಅದಕ್ಕೆ ಪಟ್ಟ ಪಾಡು ನನಗೇ ಗೊತ್ತು.

ಎಥೆನಾಲ್ ಬೆರೆಸಿದ ಇ20 ಪೆಟ್ರೋಲಿಗೆ ಹಳೇ ರಬ್ಬರ್ ಪೈಪು ಮೆತ್ತಗಾಗುತ್ತದೆ, ಆರ್9 ಎಂದು ಮುದ್ರೆ ಇರುವುದನ್ನೇ ಹಾಕಿ. ಮಿಶ್ರಣ ತೆಳುವಾಗಿ ಪ್ಲಗ್ ಬೆಳ್ಳಗಾಯಿತು. ಎರಡೂ ಎಸ್‌ಯು ಕಾರ್ಬುರೇಟರಿನಿಂದ ಪೆಟ್ರೋಲಿನ ಪ್ರಮಾಣ ಹಿಡಿಯುವ ಎಂ ಸೂಜಿ ತೆಗೆದು ದಪ್ಪ ಮಿಶ್ರಣದ ಎಎಚ್2 ಹಾಕಿದ ಮೇಲೆ ಕಂದು ಬಣ್ಣ ಬಂತು. ಅದರ ಮೇಲೆ ಒಂಚೂರು ಉಜ್ಜಿದ್ದೂ ಇದೆ. ಎಲ್ಲಿ ಎಂದು ಕೇಳಬೇಡಿ.

ಮಳೆಯ ಕಾಟ ಬೇರೆ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ನೇರ ಗ್ರಿಲ್ಲಿನ ಹಿಂದೆಯೇ ಕೂತಿರುವುದರಿಂದ ಆಗುಂಬೆ ಘಾಟಿಯ ಮಳೆಗೆ ಎರಡು ಸಿಲಿಂಡರಿನಲ್ಲೇ ಎಳೆಯತೊಡಗುತ್ತದೆ. ಪ್ಲಾಸ್ಟಿಕ್ ಚೀಲ ಕಟ್ಟಿದರೆ ಒಳಗೇ ಬೆವರುತ್ತದೆ. ಅಡಿಕೆ ಹಾಳೆಯಲ್ಲಿ ಆಕಾರ ಕತ್ತರಿಸಿ ನೋಡಿ, ಸರಿಹೊಂದಿದ ಮೇಲೆ ಅದೇ ಅಳತೆಗೆ 3 ಮಿಮೀ ರಬ್ಬರ್ ಹಾಳೆ ಕೊಯ್ದು ಗ್ರಿಲ್ಲಿಗೂ ಡಿಸ್ಟ್ರಿಬ್ಯೂಟರಿಗೂ ನಡುವೆ ನಿಲ್ಲಿಸಿ, ಕೆಳಗೆ ಎರಡು ಬೆರಳು ಸಂದು ಬಿಡಿ. ಟೈರಿಗೆ ಮಾತ್ರ ಇಲ್ಲಿ ಪರ್ಯಾಯವಿಲ್ಲ. ಗೂಡ್ಸ್ ಆಟೋದ್ದು 4.50-10 ಇದೆ, ರಿಮ್ಮಿಗೆ ಕೂರಬಹುದು, ಆದರೆ ಈ ಕಾರಿನ ವೇಗಕ್ಕೆ ಮಾಡಿದ್ದಲ್ಲ. 145-10 ರೇಡಿಯಲ್ ಒಂದು ಸೆಟ್ಟು ಹೆಚ್ಚಿಗೆ, ಕಾರಿನ ಜೊತೆಗೇ ತರಿಸಿಕೊಳ್ಳಿ.