ಬ್ಯಾಲೆನ್ಸ್ ಪ್ರಾಕ್ಟೀಸ್ ಮನೇಲೇ ಮಾಡೋದು ಹೇಗೆ, ಮೊದಲು ಗಟ್ಟಿ ನೆಲದ ಮೇಲೆ

ಸ್ಕ್ವಾಟು, ಪುಶ್‌ಅಪ್ಪು ಎಲ್ಲಾ ತಪ್ಪದೆ ಮಾಡ್ತಿದ್ದೆ, ಆದ್ರೂ ಒಂದಿನ ಮೆಟ್ಟಿಲಿಳಿಯುವಾಗ ಎಡಗಾಲು ಉಳುಕ್ತು, ನೋವು ಹೋದ್ಮೇಲೂ ಅದೇ ಕಾಲು ಪದೇ ಪದೇ ಮಗುಚಿಕೊಳ್ತಿತ್ತು. ಉಳುಕಿದಾಗ ಬರೀ ಲಿಗಮೆಂಟ್ (ಮೂಳೆಗಳನ್ನ ಜೋಡಿಸೋ ಪಟ್ಟಿ) ಎಳೆಯೋದಲ್ಲ, ಪಾದ ಯಾವ ಕಡೆ ವಾಲ್ತಿದೆ ಅಂತ ಮೆದುಳಿಗೆ ಹೋಗೋ ಸುದ್ದೀನೂ ಮಂಕಾಗತ್ತೆ, ಅದನ್ನ ಮತ್ತೆ ಕಲಿಸ್ಬೇಕು.

ಹಾಗಂತ ಮೊದಲೇ ವೊಬಲ್ ಬೋರ್ಡ್ (ಮೇಲೆ ನಿಂತ್ರೆ ಅಲುಗಾಡೋ ಹಲಗೆ) ತಗೋಬೇಡಿ. ಅಡುಗೆಮನೆ ಕಟ್ಟೆ ಪಕ್ಕ ಬರಿಗಾಲಲ್ಲಿ ನಿಂತ್ಕೊಳ್ಳಿ, ಸಾಕು. ಮೊದಲು ಎರಡೂ ಪಾದ ಜೋಡಿಸಿ 30 ಸೆಕೆಂಡ್, ಆಮೇಲೆ ಒಂದರ ಹಿಂದೆ ಒಂದು, ಹಿಮ್ಮಡಿಗೆ ಹೆಬ್ಬೆರಳು ತಾಗೋ ಹಾಗೆ, ಆಮೇಲೆ ಒಂಟಿ ಕಾಲು. ಕಟ್ಟೆ ಮೇಲೆ ಮೊದಲು ಅಂಗೈ ಇರ್ಲಿ, ಸಲೀಸಾದ್ಮೇಲೆ ಎರಡು ಬೆರಳು, ಆಮೇಲೆ ಒಂದೇ ಬೆರಳು, ಕೊನೆಗೆ ಅದೂ ಬೇಡ.

ಒಂಟಿ ಕಾಲಲ್ಲಿ ನಿಂತಾಗ ಪಾದವನ್ನ ಸ್ವಲ್ಪ ಗಮನಿಸಿ. ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ, ಹಿಮ್ಮಡಿ, ಈ ಮೂರೂ ನೆಲಕ್ಕೆ ಒತ್ತಿರ್ಬೇಕು, ಬೆರಳು ನೆಲವನ್ನ ಪರಚೋ ಹಾಗೆ ಮುದುಡ್ಬಾರ್ದು. ಆಂಕಲ್ ಹತ್ರ ಸ್ನಾಯು ಪಟಪಟ ಅಂತ ಅದುರ್ತಿದ್ರೆ ಹೆದರ್ಬೇಡಿ, ಕಲಿಕೆ ಆಗ್ತಿರೋದೇ ಅಲ್ಲಿ. ಉಸಿರು ಬಿಗಿಹಿಡಿದ್ರೆ, ಸೊಂಟ ಒಂದು ಕಡೆ ಜೋತುಬಿದ್ರೆ ಮಾತ್ರ ಕಾಲಿಳಿಸಿ ಮತ್ತೆ ಶುರು ಮಾಡಿ.

ವಾರಕ್ಕೆ 3 ದಿನ, 10 ನಿಮಿಷ ಸಾಕು. ವಾರ್ಮ್ ಅಪ್ ಆದ್ಮೇಲೆ, ಭಾರ ಎತ್ತೋಕೆ ಮುಂಚೆ ಮಾಡಿ, ಕಾಲು ಸುಸ್ತಾದ್ಮೇಲೆ ಮಾಡಿದ್ರೆ ಬೀಳೋ ಚಾನ್ಸ್ ಜಾಸ್ತಿ.

30 ಸೆಕೆಂಡ್ ಆರಾಮಾಗಿ ನಿಲ್ಲೋಕಾದ್ರೆ ಕಷ್ಟ ಜಾಸ್ತಿ ಮಾಡಿ, ಆದ್ರೆ ಒಂದ್ಸಲಕ್ಕೆ ಒಂದೇ ಬದಲಾವಣೆ. ತಲೆಯನ್ನ ನಿಧಾನಕ್ಕೆ ಎಡಕ್ಕೆ ಬಲಕ್ಕೆ ತಿರುಗಿಸೋದು, ಇಲ್ಲಾ ಕಣ್ಣು ಮುಚ್ಚೋದು. ದೇಹ ಸಮತೋಲಕ್ಕೆ ಕಣ್ಣು, ಒಳಕಿವಿ, ಪಾದ-ಕೀಲುಗಳ ಅರಿವು ಮೂರನ್ನೂ ನಂಬ್ಕೊಂಡಿರತ್ತೆ, ಕಣ್ಣು ಮುಚ್ಚಿದ ತಕ್ಷಣ ಉಳಿದೆರಡರ ಮೇಲೇ ಪೂರ್ತಿ ಹೊರೆ, ಅದಕ್ಕೇ ಇದನ್ನ ಎರಡು ಗೋಡೆ ಸೇರೋ ಮೂಲೇಲೇ ಮಾಡಿ. ದಿಂಬಿನ ಮೇಲೆ ನಿಲ್ಲೋದು ಇದಾದ್ಮೇಲೆ.

ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಒಂಟಿ ಕಾಲಿನ ಡೆಡ್‌ಲಿಫ್ಟ್. ಕೈಯಲ್ಲಿ ಏನೂ ಬೇಡ, ನಿಂತ ಕಾಲಿನ ಮಂಡಿ ಚೂರು ಸಡಿಲ ಬಿಟ್ಟು ಸೊಂಟದಿಂದ ಮುಂದಕ್ಕೆ ಬಾಗಿ, ಇನ್ನೊಂದು ಕಾಲು ಹಿಂದೆ ಚಾಚ್ಕೊಳ್ಳಿ, ಬೆನ್ನು ನೇರ ಇರ್ಲಿ, ಮೂರು ಎಣಿಸ್ತಾ ಇಳಿದು ಮೂರು ಎಣಿಸ್ತಾ ಮೇಲೆ ಬನ್ನಿ. ಒಂದೊಂದು ಕಾಲಿಗೆ 6 ಸಲ.

ಇಷ್ಟಾದ್ಮೇಲೆ ವೊಬಲ್ ಬೋರ್ಡ್, ಬೋಸು ಬಾಲ್ (ಗಾಳಿ ತುಂಬಿದ ಅರ್ಧ ಚೆಂಡು) ಬೇಕಂದ್ರೆ ತಗೊಳ್ಳಿ, ಆದ್ರೆ ಅದರ ಮೇಲೆ ನಿಂತು ಭಾರದ ಡಂಬೆಲ್ ಎತ್ಬೇಡಿ. ಅಲುಗಾಡೋ ಜಾಗದಲ್ಲಿ ಸ್ನಾಯು ಪೂರ್ತಿ ಬಲ ಹಾಕಲ್ಲ, ಸ್ಟ್ರೆಂತ್ ಕೆಲಸ ನೆಲದ ಮೇಲೇ ಇರ್ಲಿ.

ಮನೇಲಿ 65 ದಾಟಿದವರಿದ್ರೆ ಅವ್ರನ್ನೂ ಜೊತೆಗೆ ಸೇರಿಸ್ಕೊಳ್ಳಿ, ಆ ವಯಸ್ಸಿನವ್ರು ವಾರಕ್ಕೆ ಕನಿಷ್ಠ 3 ದಿನ ಬ್ಯಾಲೆನ್ಸ್‌ಗೆ ಒತ್ತು ಕೊಡೋ ವ್ಯಾಯಾಮ ಮಾಡ್ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೇನೇ ಹೇಳತ್ತೆ. ಅವ್ರು ಮಾತ್ರ ಕೈ ಪೂರ್ತಿ ಬಿಡೋದು ಬೇಡ, ನೀವು ಪಕ್ಕದಲ್ಲೇ ನಿಂತಿರಿ. ತಲೆಸುತ್ತು ಇರೋರು, ಕಾಲಿನ ಊತ ಇನ್ನೂ ಇಳೀದೋರು ಡಾಕ್ಟರನ್ನ ಕೇಳಿ ಶುರು ಮಾಡಿ.

ಎರಡು ಕಾಲೂ ಒಂದೇ ಥರ ಇರಲ್ಲ, ಯಾವುದು ಜಾಸ್ತಿ ಅದುರತ್ತೋ ಅದರಿಂದಲೇ ಶುರು ಮಾಡಿ, ಅದಕ್ಕೆ ಒಂದು ಸೆಟ್ ಜಾಸ್ತಿ ಕೊಡಿ.