ರಿಮ್ಯಾಂಡ್ ದಿನವೇ ಗಾಯ ಬರೆಸಿ

ಜೈಲಿನ ಭೇಟಿಯಲ್ಲಿ ಕೈದಿ ಬಾಯಿಬಿಡುವ ಹೊತ್ತಿಗೆ ಎಷ್ಟೋ ಸಲ ಪೆಟ್ಟು ಬಿದ್ದು ವಾರ ಕಳೆದು, ಬಾಸುಂಡೆ ಮಾಸಿರುತ್ತದೆ. ಆಮೇಲೆ ಕೊಡುವ ದೂರಿಗೆ ಬಲ ಕಡಿಮೆ. ಅದಕ್ಕೇ ಹಾಸನ, ಚಿಕ್ಕಮಗಳೂರು ಕಡೆ ಕಾನೂನು ನೆರವಿನ ವಕೀಲರಾಗಿ ಕೆಲಸ ಮಾಡುವ ನಾವು ಹೆಚ್ಚು ಒತ್ತು ಕೊಡುವುದು ಮೊದಲ ರಿಮ್ಯಾಂಡಿಗೆ, ಅಂದರೆ ಬಂಧಿತನನ್ನು ಮೊದಲ ಸಲ ಮ್ಯಾಜಿಸ್ಟ್ರೇಟರ ಮುಂದೆ ತಂದು ಪೊಲೀಸ್ ಕಸ್ಟಡಿಗೋ ಜೈಲಿಗೋ ಕಳಿಸುವ ಹೊತ್ತಿಗೆ.

ಮೊದಲು ನೋಡುವುದು ಮೂರು ಕಾಗದ. ದಸ್ತಗಿರಿಯಾದಾಗ ಮೈಮೇಲಿದ್ದ ಗಾಯಗಳ ಮೆಮೊ (ಸುಪ್ರೀಂ ಕೋರ್ಟಿನ 1996ರ ಡಿ.ಕೆ. ಬಸು ತೀರ್ಪಿನಂತೆ ಬಂಧಿತ ಕೇಳಿದರೆ ಇದನ್ನು ಬರೆದು, ಅವನ ಸಹಿಯನ್ನೂ ಹಾಕಿಸಿ, ಪ್ರತಿ ಕೊಡಬೇಕು), ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲಿಗೆ ಬಂದ ಹೊಸ ಕ್ರಿಮಿನಲ್ ಪ್ರಕ್ರಿಯಾ ಕಾನೂನು) ಕಲಂ 53ರ ವೈದ್ಯಕೀಯ ವರದಿ, ಜೈಲಿಗೆ ಸೇರಿಸಿಕೊಳ್ಳುವಾಗಿನ ಆರೋಗ್ಯ ತಪಾಸಣೆ. ಮೊದಲನೆಯದರಲ್ಲಿ ಗಾಯವಿಲ್ಲ, ಮೂರನೆಯದರಲ್ಲಿ ಇದೆ ಎಂದರೆ ನಡುವಿನ ಹೊತ್ತು ಯಾರ ವಶದಲ್ಲಿದ್ದ ಎಂಬುದಕ್ಕೆ ಪೊಲೀಸರೇ ಉತ್ತರ ಹೇಳಬೇಕು. ಆಸ್ಪತ್ರೆಯ ವರದಿಯ ಪ್ರತಿ ಬಂಧಿತನಿಗೆ ಸಿಗಬೇಕೆಂದು ಅದೇ ಕಲಮಿನಲ್ಲಿದೆ. ಕೇಳಿ ಪಡೆಯುವವರು ಕಡಿಮೆ. ವೈದ್ಯರ ಕೋಣೆಯಲ್ಲಿ ಪಕ್ಕಕ್ಕೇ ಪೇದೆ ನಿಂತಿದ್ದರೆ ‘ಗಾಯಗಳಿಲ್ಲ’ ಎಂಬ ಒಂದೇ ಸಾಲಿನ ವರದಿ ಬರುವುದು ಆಶ್ಚರ್ಯವಲ್ಲ. ಆಗ ಮರುತಪಾಸಣೆಗೆ ಮ್ಯಾಜಿಸ್ಟ್ರೇಟರಿಗೇ ಅರ್ಜಿ ಹಾಕುತ್ತೇವೆ, ಪೊಲೀಸರು ಕಣ್ಣಳತೆಯಲ್ಲಿರಲಿ, ಕಿವಿಯಳತೆಯಲ್ಲಿ ಬೇಡ ಎಂದು ಸೇರಿಸಿ.

ಕೇಳುವ ರೀತಿಯಲ್ಲೇ ಅರ್ಧ ಕೆಲಸ ಕೆಡುತ್ತದೆ. ‘ಹೊಡೆದ್ರಾ?’ ಎಂದರೆ ‘ಇಲ್ಲ ಸಾರ್’ ಎಂಬ ಉತ್ತರ ಸಿದ್ಧವಿರುತ್ತದೆ. ‘ಠಾಣೆಗೆ ಎಷ್ಟೊತ್ತಿಗೆ ಕರ್ಕಂಡ್ ಬಂದ್ರು? ರಾತ್ರಿ ಎಲ್ಲಿ ಮಲಗಿದ್ರಿ? ಊಟ ಯಾವಾಗ ಆಯ್ತು?’ ಎಂದು ಕೇಳಿಕೊಂಡು ಹೋದರೆ ತಾನಾಗಿ ಹೇಳುತ್ತಾರೆ. ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತಂದರೋ ಇಲ್ಲವೋ ಎಂಬ ಲೆಕ್ಕವೂ ಅಲ್ಲೇ ಸಿಗುತ್ತದೆ: ಶೃಂಗೇರಿಯ ಕಡೆಯಿಂದ ಕರೆತಂದರೆ ದಾರಿಯ ಹೊತ್ತು ಕಳೆಯಬಹುದು, ಠಾಣೆಯಲ್ಲಿ ಸುಮ್ಮನೆ ಕೂರಿಸಿದ ಹೊತ್ತು ಕಳೆಯುವಂತಿಲ್ಲ. ಕಾಫಿ ತೋಟಗಳಿಗೆ ಬಂದ ಅಸ್ಸಾಂ, ಬಂಗಾಳದ ಕಾರ್ಮಿಕರಾದರೆ ದುಭಾಷಿ ಬೇಕೇ ಬೇಕು. ಹಿಂದಿ ಬರುವ ಪೇದೆಯನ್ನೇ ದುಭಾಷಿ ಮಾಡಿಕೊಳ್ಳಬೇಡಿ.

ಗಾಯ ಬರೆಯುವುದು ಹೀಗೆ: ‘ಎಡ ತೊಡೆಯ ಹೊರಭಾಗ, ಮಂಡಿಯಿಂದ 12 ಸೆಂ.ಮೀ. ಮೇಲೆ, ಅಡ್ಡಕ್ಕೆ, 9 ಸೆಂ.ಮೀ. ಉದ್ದದ ಎರಡು ಸಮಾನಾಂತರ ಕೆಂಪು ಗೆರೆ, ನಡುವೆ ಚರ್ಮ ಮಾಮೂಲು ಬಣ್ಣ.’ ಲಾಠಿಯಂಥ ದುಂಡನೆಯ ಕೋಲು ಬಿದ್ದಲ್ಲಿ ರಕ್ತ ಎರಡು ಬದಿಗೆ ಒತ್ತಿಕೊಂಡು ಇಂಥ ಜೋಡಿಗೆರೆ ಮೂಡುತ್ತದೆ. ಬಿದ್ದು ಆದ ಗಾಯ ಸಾಮಾನ್ಯವಾಗಿ ಮಂಡಿ, ಮೊಣಕೈ, ಹಣೆಯಂಥ ಮೂಳೆ ಎದ್ದ ಜಾಗದಲ್ಲಿರುತ್ತದೆ. ತೊಡೆಯ ಹಿಂಭಾಗ, ಕುಂಡೆ, ಅಂಗಾಲಲ್ಲಿದ್ದರೆ ‘ಜಾರಿ ಬಿದ್ದ’ ಎಂಬ ಮಾತು ನಿಲ್ಲುವುದಿಲ್ಲ. ಬಣ್ಣ ನೋಡಿ ಇಂಥದ್ದೇ ದಿನದ ಪೆಟ್ಟು ಎಂದು ಬರೆಯಬೇಡಿ. ಹಳದಿ ಕಂಡರೆ ಸುಮಾರು 18 ಗಂಟೆಯಾದರೂ ಆಗಿದೆ ಎನ್ನಬಹುದು, ಅಷ್ಟೇ. ಕಪ್ಪು ಮೈಬಣ್ಣದಲ್ಲಿ ಕಲೆ ಕಾಣದಿದ್ದರೆ ಊತ, ಮುಟ್ಟಿದರೆ ನೋವು ಎಂಬುದನ್ನೇ ಬರೆಯಿರಿ. ಅಂಗಾಲಿನ ಪೆಟ್ಟು ಕಣ್ಣಿಗೆ ಬೀಳದೆ ಹೋಗಬಹುದು, ನಾಲ್ಕು ಹೆಜ್ಜೆ ನಡೆಸಿದರೆ ಗೊತ್ತಾಗುತ್ತದೆ.

ಇದೆಲ್ಲ ಮೆಮೊ ಆಗಿ ಕೋರ್ಟಿಗೆ ಹೋಗಬೇಕು, ಆರ್ಡರ್ ಶೀಟಿನಲ್ಲಿ (ಕೋರ್ಟು ಆಯಾ ದಿನದ ಆದೇಶ ಬರೆಯುವ ಹಾಳೆ) ಒಂದು ಸಾಲಾದರೂ ಬರಬೇಕು. ಬಾಯಲ್ಲಿ ಹೇಳಿ ಬಂದರೆ ಮುಂದೆ ಯಾವ ಆಯೋಗದ ಎದುರೂ ತೋರಿಸಲು ಏನೂ ಇರುವುದಿಲ್ಲ. ನ್ಯಾಯಾಂಗ ಬಂಧನದ ವಿಸ್ತರಣೆ ವಿಡಿಯೊದಲ್ಲಾದಾಗ ಪರದೆಯಲ್ಲಿ ಕಾಣುವುದು ಬರೀ ಮುಖ. ‘ಎದ್ದು ನಿಂತು, ಹಿಂದೆ ತಿರುಗಲು ಹೇಳಿ ಸ್ವಾಮಿ’ ಎಂದು ಕೇಳಿಕೊಳ್ಳಲು ಸಂಕೋಚ ಬೇಡ. ಪೊಲೀಸ್ ಕಸ್ಟಡಿಗಾದರೆ ಮೊದಲ ಸಲವೂ, ಅಲ್ಲಿರುವವರೆಗೆ ಪ್ರತಿ ಸಲವೂ ಖುದ್ದು ಹಾಜರುಪಡಿಸಲೇಬೇಕು.

ಹೊಸ ಕಾನೂನಿನ ಒಂದು ಅಪಾಯ ಕಲಂ 187ರಲ್ಲಿದೆ. 15 ದಿನದ ಪೊಲೀಸ್ ಕಸ್ಟಡಿಯನ್ನು ಈಗ ಬಿಡಿಬಿಡಿಯಾಗಿ, ಅಪರಾಧಕ್ಕೆ ತಕ್ಕಂತೆ ಮೊದಲ 40 ಅಥವಾ 60 ದಿನದೊಳಗೆ ಕೇಳಬಹುದು. ಜೈಲಿಗೆ ಬಂದವನನ್ನು ಮತ್ತೆ ಠಾಣೆಗೆ ಒಯ್ಯಬಹುದು ಎಂದರ್ಥ. ಕಸ್ಟಡಿಗೆ ಕೊಡುವ ಆದೇಶದಲ್ಲೇ 48 ಗಂಟೆಗೊಮ್ಮೆ ವೈದ್ಯಕೀಯ ತಪಾಸಣೆ, ವಿಚಾರಣೆ ನಡುವೆ ವಕೀಲರ ಭೇಟಿ (ಕಲಂ 38) ಎರಡನ್ನೂ ಬರೆಸಿಕೊಳ್ಳಿ.

ಠಾಣೆಯ ಸಿಸಿಟಿವಿ ದೃಶ್ಯ 18 ತಿಂಗಳು ಇರಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲಿ ಹೇಳಿದೆ. ಅದನ್ನು ನಂಬಿ ಕೂರದೆ ಅದೇ ವಾರ ಅರ್ಜಿ ಹಾಕಬೇಕು: ತಾರೀಕು, ಎಷ್ಟರಿಂದ ಎಷ್ಟು ಗಂಟೆ, ಲಾಕಪ್ಪಿನದೋ ಕಾರಿಡಾರಿನದೋ ಬಾಗಿಲಿನದೋ. ‘ಎಲ್ಲ ದೃಶ್ಯ ಕೊಡಿ’ ಎಂದರೆ ಏನೂ ಬರುವುದಿಲ್ಲ.

ಜೈಲಿನೊಳಗಿನ ದೂರು ಬೇರೆ ಬಗೆಯದು. ಸಾಕ್ಷಿ, ಆರೋಪಿ ಇಬ್ಬರೂ ರಾತ್ರಿ ಒಂದೇ ಬ್ಯಾರಕ್ಕಿನಲ್ಲಿ ಮಲಗುತ್ತಾರೆ. ಒಬ್ಬನನ್ನೇ ಕರೆದು ಮಾತಾಡಿಸಿದರೆ ಅವನೇ ಹೇಳಿದ್ದೆಂದು ಸಂಜೆಗೆ ಎಲ್ಲರಿಗೂ ಗೊತ್ತಾಗುತ್ತದೆ, ಆದ್ದರಿಂದ ಆ ಬ್ಯಾರಕ್ಕಿನ ಎಲ್ಲರನ್ನೂ ಒಬ್ಬೊಬ್ಬರಾಗಿ, ಸುಮಾರು ಒಂದೇ ಹೊತ್ತು ಮಾತಾಡಿಸುತ್ತೇವೆ. ಕಕ್ಕಸು ತೊಳೆಯುವ ಪಾಳಿ ಯಾರಿಗೆ ಬರುತ್ತದೆ ಎಂದೂ ಕೇಳುತ್ತೇವೆ. ಜಾತಿ ನೋಡಿ ಕೆಲಸ ಹಂಚುವುದು ಸಂವಿಧಾನಬಾಹಿರ ಎಂದು 2024ರ ಅಕ್ಟೋಬರಿನಲ್ಲೇ ತೀರ್ಪಾಗಿದೆ. ಕೈದಿ ಒಪ್ಪದೆ ಅವನ ಹೆಸರಿನ ದೂರು ಹೊರಗೆ ಹೋಗಬಾರದು. ಒಪ್ಪಿದರೆ, ದೂರಿನ ಜೊತೆಗೇ ಬೇರೆ ಬ್ಯಾರಕ್ಕಿಗೆ ಹಾಕುವಂತೆ ಕೋರಿಕೆಯೂ ಹೋಗಬೇಕು.