ಅಣ್ಣನ ಮನೆ ಬಾಗಿಲ ತನಕ

ಅಪ್ಪನ ಸಮಾಧಿ ಮುಗಿಸಿ ಬಂದ ನೆಂಟರು ಇನ್ನೂ ಮನೆಯಲ್ಲಿ ಕುಳಿತಿದ್ದರು. ಅವರೆಲ್ಲರ ಎದುರಿಗೇ ಅಣ್ಣನಿಗೆ "ಅಪ್ಪನ ಔಷಧಿ ದುಡ್ಡು ತಿಂದವನು ನೀನು" ಅಂದುಬಿಟ್ಟೆ. ಅಣ್ಣ ಒಂದು ಮಾತೂ ಆಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಆಮೇಲೆ ಐದು ವರ್ಷ ನಮ್ಮಿಬ್ಬರಿಗೆ ಮಾತಿಲ್ಲ.

ಐದನೇ ವರ್ಷ ಅಪ್ಪನ ಪೆಟ್ಟಿಗೆ ತೆಗೆದಾಗ ಔಷಧಿ ಚೀಟಿಗಳ ಒಂದು ಕಟ್ಟು ಸಿಕ್ಕಿತು. ಅದಕ್ಕೆ ಹಾಕಿದ್ದ ರಬ್ಬರ್ ಬ್ಯಾಂಡ್ ಮುಟ್ಟುತ್ತಲೇ ತುಂಡುತುಂಡಾಗಿ ಉದುರಿತು. ಪ್ರತಿ ಚೀಟಿಯ ಬೆನ್ನಿಗೂ ಅಪ್ಪನ ಸೊಟ್ಟ ಅಕ್ಷರದಲ್ಲಿ ತಾರೀಖು, ಅದರ ಪಕ್ಕ "ದೊಡ್ಡವನು ಕೊಟ್ಟದ್ದು." ಅಪ್ಪನ ಸ್ವಂತ ದುಡ್ಡು ಎಂದೋ ಮುಗಿದಿತ್ತು. ಕಡೆಯ ತಿಂಗಳುಗಳಲ್ಲಿ ಅಣ್ಣನೇ ಕೈಯಿಂದ ಹಾಕಿದ್ದ.

ಮಾಡಬೇಕಾದ್ದು ಏನು ಅಂತ ಗೊತ್ತಿಲ್ಲದವನಲ್ಲ ನಾನು. ನಮ್ಮ ಚರ್ಚಿನ ಸಭೆಯಲ್ಲಿ ಬೈಬಲ್ ವಾಕ್ಯ ಅಧ್ಯಯನ ನಡೆಸುವವನೇ ನಾನು. ಮತ್ತಾಯ 5ನೇ ಅಧ್ಯಾಯದಲ್ಲಿ ಯೇಸು ಹೇಳಿದ್ದನ್ನು, ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನ ಸಂಗಡ ಒಂದಾಗು ಅನ್ನುವುದನ್ನು, ಎಷ್ಟೋ ಸಲ ಬೇರೆಯವರಿಗೆ ವಿವರಿಸಿದ್ದೆ. ಆದರೂ ಪೆಟ್ಟಿಗೆ ತೆಗೆದ ದಿನದಿಂದ ಅಣ್ಣನ ಮನೆಗೆ ಹೋಗುವುದಕ್ಕೆ ಹನ್ನೊಂದು ತಿಂಗಳು ಹಿಡಿಯಿತು. ಅಷ್ಟು ದಿನವೂ "ಕರ್ತನೇ, ಬಲ ಕೊಡು" ಅಂತ ಪ್ರಾರ್ಥಿಸುತ್ತಿದ್ದೆ. ಹೊರಗಿನಿಂದ ನೋಡಿದವರಿಗೆ ಭಕ್ತಿ ಅನ್ನಿಸಿರಬೇಕು. ನಿಜ ಹೇಳಬೇಕೆಂದರೆ ನಾನು ದಿನ ದೂಡುತ್ತಿದ್ದೆ, ಅದೂ ಮೊಣಕಾಲೂರಿಕೊಂಡು.

ಅಪೊಸ್ತಲ ಪೌಲ ಫಿಲಿಪ್ಪಿ ಊರಿನ ಸಭೆಗೆ ಬರೆದ ಪತ್ರದ 4:13, ನನ್ನನ್ನು ಬಲಪಡಿಸುವಾತನಲ್ಲಿ ಎಲ್ಲಕ್ಕೂ ಶಕ್ತನಾಗಿದ್ದೇನೆ ಅನ್ನುವ ಮಾತು, ಅದನ್ನು ಬೆಳಿಗ್ಗೆ ಸಂಜೆ ಮಂತ್ರದ ಹಾಗೆ ಹೇಳಿಕೊಳ್ಳುತ್ತಿದ್ದೆ. ಒಂದು ದಿನ ಎದೆ ಗಟ್ಟಿಯಾಗುತ್ತದೆ, ಅಂದು ಎದ್ದು ಹೋಗುತ್ತೇನೆ ಅಂತ ಲೆಕ್ಕ. ಪೌಲ ಆ ಮಾತು ಬರೆಯುವಾಗ ಬೇಡಿಯಲ್ಲಿದ್ದ. ಹಿಂದಿನ ವಚನದಲ್ಲಿ ಮಾತಾಡುವುದು ಹಸಿವಿನಲ್ಲೂ ಸಮೃದ್ಧಿಯಲ್ಲೂ ಇರಲು ಕಲಿತದ್ದರ ಬಗ್ಗೆ. ಎದೆ ಗಟ್ಟಿಯಾಗುವ ವಿಷಯ ಅಲ್ಲಿ ಎಲ್ಲೂ ಇಲ್ಲ. ಇದನ್ನೂ ನಾನೇ ಪಾಠ ಮಾಡಿದ್ದೆ, ಏನು ಹೇಳೋಣ!

ಕೊನೆಗೆ ಹೆಂಡತಿಯೇ ಕೇಳಿದಳು: "ನೀವು ದಿನಾ ಕೇಳ್ತಿರೋದು ಭಯ ಹೋಗಲಿ ಅಂತಲೋ, ನೀವು ಹೋಗಬೇಕು ಅಂತಲೋ?"

ಉತ್ತರ ಕೊಡಲಾಗದೆ ಬೈಬಲಿನ ನೆಹೆಮೀಯನ ಪುಸ್ತಕವನ್ನು ಮತ್ತೆ ತೆರೆದೆ. ಯೆರೂಸಲೇಮಿನ ಕುಸಿದ ಗೋಡೆಯನ್ನು 52 ದಿನಗಳಲ್ಲಿ ಕಟ್ಟಿ ಮುಗಿಸಿದವನು ಅಂತ ಅವನನ್ನು ಶೂರನ ಸಾಲಿಗೆ ಸೇರಿಸಿಬಿಟ್ಟಿದ್ದೆ. ಎರಡನೇ ಅಧ್ಯಾಯದಲ್ಲಿ, ಅವನು ಸೇವೆಯಲ್ಲಿದ್ದ ಪರ್ಷಿಯಾದ ಅರಸ ಅರ್ತಷಸ್ತ "ಯಾಕೆ ಮುಖ ಬಾಡಿದೆ?" ಅಂತ ಕೇಳಿದಾಗ ಅವನು ಬಹಳವಾಗಿ ಹೆದರಿದ ಅಂತಲೇ ಬರೆದಿದೆ. ಅದಕ್ಕೂ ಮೊದಲು ಸುಮಾರು ನಾಲ್ಕು ತಿಂಗಳು, ಯೆಹೂದ್ಯರ ಕಿಸ್ಲೇವ್ ತಿಂಗಳಿನಿಂದ ನೀಸಾನ್ ತಿಂಗಳ ತನಕ, ಪ್ರಾರ್ಥನೆಯಲ್ಲಿದ್ದವನಿಗೇ ಆ ಹೆದರಿಕೆ. ಹೆದರಿಕೊಂಡೇ ಮನಸ್ಸಿನಲ್ಲಿ ದೇವರನ್ನು ಬೇಡಿ, ಬಾಯಿ ತೆರೆದ. ಗೋಡೆ ಕಟ್ಟಲು ಹೋಗುವುದಕ್ಕೆ ಅರಸನನ್ನು ಕೇಳಬೇಕಾದ್ದೆಲ್ಲ ಅವನಿಗೆ ಗೊತ್ತಿತ್ತು: ಎಷ್ಟು ಕಾಲ ಬೇಕು, ಯಾರಿಗೆ ಪತ್ರ ಬೇಕು, ಮರಮಟ್ಟು ಎಲ್ಲಿಂದ ತರಬೇಕು. ಆ ನಾಲ್ಕು ತಿಂಗಳು ಅವನು ಬರೀ ಅಳುತ್ತಾ ಕುಳಿತಿರಲಿಲ್ಲ.

ಆ ರಾತ್ರಿಯೇ ಪೆನ್ನು ಹಿಡಿದೆ. ಅಣ್ಣನಿಗೆ ಹೇಳಬೇಕಾದ ಮಾತು ಎರಡು ಪುಟ ಆಯಿತು. ಬೆಳಿಗ್ಗೆ ಓದಿ ನೋಡಿದರೆ ಒಂಬತ್ತು ಕಡೆ "ಆದರೆ" ಇತ್ತು. ತಪ್ಪು ನನ್ನದೇ, ಆದರೆ ಅಂದು ದುಃಖದಲ್ಲಿದ್ದೆ. ಆದರೆ ನೀನೂ ಲೆಕ್ಕ ತೋರಿಸಬಹುದಿತ್ತು. ಒಂದೊಂದು "ಆದರೆ" ಹೊಡೆದುಹಾಕಿದಾಗಲೂ ಅದರ ಹಿಂದಿನ ಸಾಲುಗಳೂ ಉದುರಿದವು. ಬೈಬಲಿನಲ್ಲಿ ಯುದ್ಧಕ್ಕೆ ಹೊರಟ ಗಿದ್ಯೋನನ 32,000 ಜನ ದೇವರ ಮಾತಿನಂತೆ 300ಕ್ಕೆ ಇಳಿದ ಹಾಗೆ ನನ್ನ ಎರಡು ಪುಟ ಮೂರು ವಾಕ್ಯಕ್ಕೆ ಇಳಿಯಿತು. ಅಷ್ಟು ಸಣ್ಣದಾದ ಮೇಲೆ ನನ್ನ ಕೈಯಲ್ಲಿ ನೆಚ್ಚಿಕೊಳ್ಳುವಂಥದ್ದು ಏನೂ ಉಳಿದಿರಲಿಲ್ಲ. ಪ್ರಾರ್ಥನೆ ಪ್ರಾರ್ಥನೆಯಾದದ್ದು ಆಮೇಲೆಯೇ.

ದಿನ ಗೊತ್ತುಮಾಡಿ ಸಭೆಯ ಒಬ್ಬ ಸಹೋದರನಿಗೆ ಹೇಳಿದೆ: "ಶನಿವಾರ ಸಂಜೆ ಫೋನ್ ಮಾಡಿ, ಹೋಗಿದ್ದೆಯಾ ಅಂತ ಕೇಳು." ದೇವರ ಮೇಲೆ ಆತುಕೊಳ್ಳುವವನಿಗೆ ಇದೆಲ್ಲ ಯಾಕೆ ಅಂತ ಕೆಲವರು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ನನ್ನ ಮನಸ್ಸಿನ ಕಳ್ಳದಾರಿಗಳು ನನಗೆ ಗೊತ್ತು, ಅವಕ್ಕೆ ಬೇಲಿ ಹಾಕುವುದೂ ಪ್ರಾರ್ಥನೆಯ ಭಾಗವೇ.

ಶನಿವಾರ ಬಂತು. ಎದೆ ಗಟ್ಟಿಯಾಗಲೇ ಇಲ್ಲ. ಗಂಟೆ ಒತ್ತಲು ಹೋದ ಬೆರಳು ನಡುಗಿ ಮೊದಲ ಸಲ ಗೋಡೆಗೆ ತಾಗಿತು. ಬಲಹೀನತೆಯಲ್ಲೂ ಭಯದಲ್ಲೂ ಬಹಳ ನಡುಕದಲ್ಲೂ ನಿಮ್ಮ ಬಳಿ ಇದ್ದೆ ಅಂತ ಪೌಲ ಕೊರಿಂಥದವರಿಗೆ ಬರೆದದ್ದು ನೆನಪಾಯಿತು. ನಡುಕ ಇದ್ದರೆ ದೇವರು ಜೊತೆಗಿಲ್ಲ ಅಂತ ಅಲ್ಲವಲ್ಲ ಅಂದುಕೊಂಡು ಇನ್ನೊಮ್ಮೆ ಒತ್ತಿದೆ.

ಬಾಗಿಲು ತೆಗೆದವನು ಅಣ್ಣನೇ. ತಲೆ ಪೂರ್ತಿ ಬೆಳ್ಳಗಾಗಿತ್ತು. "ಬಾ" ಅಂದ, ಅಷ್ಟೇ. ಅತ್ತಿಗೆ ನೀರು ತಂದಿಟ್ಟರು. ಲೋಟ ಮುಟ್ಟದೆ ಚೀಟಿ ಕಟ್ಟನ್ನು ಅಣ್ಣನ ಮುಂದಿಟ್ಟು ಮೂರು ವಾಕ್ಯ ಹೇಳಿದೆ. ದನಿ ಒಡೆದಿತ್ತು. ಮೂರನೆಯದರ ಬಾಲಕ್ಕೆ "ಆದರೆ" ಬಂದೇಬಿಟ್ಟಿತ್ತು, ನಾಲಿಗೆಯ ತುದಿಯಲ್ಲಿ. ಅದು ಹೊರಗೆ ಬರಲಿಲ್ಲ. ಅದನ್ನು ನುಂಗಿದವನು ನಾನಲ್ಲ. ನನ್ನ ಸ್ವಭಾವ ನನಗೆ ಗೊತ್ತು.

ಅಣ್ಣ ಚೀಟಿಗಳನ್ನು ಒಂದೊಂದಾಗಿ ತಿರುವಿ ಅಪ್ಪನ ಅಕ್ಷರ ನೋಡಿದ. ಬಹಳ ಹೊತ್ತಾದ ಮೇಲೆ ಕೇಳಿದ: "ನನಗೇನೋ ಹೇಳಿದೆ. ಅವತ್ತು ಕೂತಿದ್ದರಲ್ಲ, ಅವರಿಗೆ ಯಾರು ಹೇಳ್ತಾರೆ?"

ಒಂದು ಬೆಟ್ಟ ಹತ್ತಿ ಇಳಿದೆ ಅಂದುಕೊಂಡವನಿಗೆ ಎದುರಿಗೆ ಇನ್ನೊಂದು ಸಾಲು. ಮನೆಗೆ ಬಂದು ನೆನಪಿಸಿಕೊಂಡು ಬರೆದೆ: ಅಂದು ಇದ್ದವರು 14 ಜನ. ದಿನಕ್ಕೊಬ್ಬರಿಗೆ ಫೋನ್. ಪ್ರತಿ ಸಲ ಅದೇ ನಡುಕ, ಪ್ರತಿ ಸಲ ಅದೇ ಬೇಡಿಕೆ, ಒಂದು ಕರೆಗೆ ಸಾಕಾಗುವಷ್ಟು ಬಲ. ನಿನ್ನೆಯದು ಇವತ್ತಿಗೆ ಉಳಿಯುತ್ತಿರಲಿಲ್ಲ. ಒಬ್ಬ ಚಿಕ್ಕಪ್ಪ ಬೈದರು. ಇಬ್ಬರಿಗೆ ಆ ಮಾತು ನೆನಪೇ ಇರಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾದದ್ದು, ಮತ್ತೆ ನೆನಪಿಸಿ ತಪ್ಪೊಪ್ಪಿಕೊಳ್ಳಬೇಕಲ್ಲ.

ಹದಿನಾಲ್ಕನೆಯವರು ದೊಡ್ಡಮ್ಮ. ಅವರಿಗೆ ಕಿವಿ ಮಂದ, ಫೋನ್ ಆಗದು. ಅವರ ಮನೆಗೇ ಹೋಗಿ ಹತ್ತಿರ ಕೂತು ಮೆಲ್ಲಗೆ ಹೇಳಿದೆ.

"ಏನಂದೆ? ಜೋರಾಗಿ ಹೇಳು!"

"ಅಣ್ಣ ದುಡ್ಡು ತಿಂದಿಲ್ಲ, ನಾನು ಸುಳ್ಳು ಹೇಳಿದ್ದೆ" ಅಂತ ನಾಲ್ಕು ಸಲ ಕೂಗಬೇಕಾಯಿತು. ನಾಲ್ಕನೇ ಸಲಕ್ಕೆ ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು.